ಫೈಬರ್ ಕೇಬಲ್ ಕಡಿದಾಗ ಎಲ್ಲಿಂದ ಹುಡುಕಬೇಕು: ವಿಜಯಪುರ, ಬಾಗಲಕೋಟೆ ಭಾಗದವರಿಗೆ ದೋಷ ನಿವಾರಣೆ ಕೈಪಿಡಿ

ನಮ್ಮ ಭಾಗದಲ್ಲಿ ಕೇಬಲ್ ಹರಿಯುವುದಕ್ಕೂ ಒಂದೊಂದು ಹಂಗಾಮಿದೆ. ಬೇಸಿಗೆಯಲ್ಲಿ ರಸ್ತೆ ಅಗಲಿಸುವ ಕೆಲಸ, ಓಣಿಗಳಲ್ಲಿ ನಲ್ಲಿಯ ಪೈಪ್ ಹಾಕುವ ಕೆಲಸ, ಹೊಳೆಯಿಂದ ಹೊಲದವರೆಗೆ ರೈತರು ಎಳೆದುಕೊಳ್ಳುವ ಪೈಪ್‌ಲೈನ್ ಎಲ್ಲವೂ ಒಟ್ಟಿಗೆ ನಡೆಯುವುದರಿಂದ ಜೆಸಿಬಿಯ ಬಕೆಟ್ಟಿಗೆ ಸಿಕ್ಕಿ ಕೇಬಲ್ ತುಂಡಾಗುತ್ತದೆ. ಮಳೆಗಾಲದಲ್ಲಿ ಹಳ್ಳ ಬಂದು ರಸ್ತೆಯ ಬದಿಯನ್ನು ಕೊರೆದರೆ ಡಕ್ಟ್ (ಕೇಬಲ್ ಹಾಯುವ ಕೊಳವೆ) ಸಹಿತ ಕೇಬಲ್ ಹೊರಬಿದ್ದು ಜಗ್ಗುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಮುಧೋಳ, ಜಮಖಂಡಿ ಕಡೆ ಎತ್ತರಕ್ಕೆ ಕಬ್ಬು ಹೇರಿಕೊಂಡು ಸಾಗುವ ಟ್ರ್ಯಾಕ್ಟರುಗಳು ರಸ್ತೆಗೆ ಅಡ್ಡಲಾಗಿ ಜೋತುಬಿದ್ದ ಕೇಬಲನ್ನು ಎಳೆದುಕೊಂಡು ಹೋಗುತ್ತವೆ, ಕಟಾವಾದ ಹೊಲದಲ್ಲಿ ರವದಿಗೆ ಹಚ್ಚಿದ ಬೆಂಕಿ ಬದುವಿನ ಮೇಲೆ ಹಾದುಹೋದ ಕೇಬಲಿನ ಕವಚವನ್ನು ಕರಗಿಸುತ್ತದೆ. ಇದರ ಮೇಲೆ ನೆಲದ ಗುಣವೂ ಸೇರುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗೆ ಉಬ್ಬುವುದರಿಂದ ಡಕ್ಟಿನ ಜೋಡಣೆಗಳು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಬಾದಾಮಿ, ಗುಳೇದಗುಡ್ಡ ಕಡೆಯ ಕಲ್ಲುನೆಲದಲ್ಲಿ ವಾಡಿಕೆಯ 1.65 ಮೀಟರ್ ಆಳ ಸಿಗದೆ, ಕೇಬಲ್ ಮೇಲುಮೇಲೆಯೇ ಕಾಂಕ್ರೀಟ್ ಅಥವಾ ಕಬ್ಬಿಣದ ಪೈಪಿನ ರಕ್ಷಣೆಯಲ್ಲಿ ಮಲಗಿರುತ್ತದೆ.

ಈ ಕೈಪಿಡಿಯನ್ನು ಬರೆಯಲು ಕಾರಣವೊಂದೇ. ಸೇವೆ ನಿಂತ ಹೊತ್ತಿನಲ್ಲಿ ಕೇಬಲ್ ಜೋಡಿಸುವುದಕ್ಕೆ ತಗಲುವ ಸಮಯಕ್ಕಿಂತ, ತಪ್ಪು ಜಾಗದಲ್ಲಿ ಅಗೆದು, ಚೆನ್ನಾಗಿದ್ದ ಜಾಯಿಂಟನ್ನು ಬಿಚ್ಚಿ ಕಳೆಯುವ ಸಮಯವೇ ಹೆಚ್ಚಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇಲ್ಲಿಯ ಕ್ರಮವು ಕಣ್ಣಿಗೆ ಕಾಣುವ ಲಕ್ಷಣದಿಂದ ಆರಂಭವಾಗಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಿಕೊಂಡು, ಅಳತೆಯ ಯಂತ್ರಕ್ಕೆ ಬಂದು, ಕೊನೆಯಲ್ಲಿ ಮಾತ್ರ ಗುದ್ದಲಿಗೆ ಕೈಹಾಕುತ್ತದೆ. ಮೊದಲ ಎರಡು ಭಾಗಗಳು ಮನೆಯ ಗ್ರಾಹಕರಿಗೂ ಗ್ರಾಮ ಪಂಚಾಯಿತಿಯ ಕಂಪ್ಯೂಟರ್ ನೋಡಿಕೊಳ್ಳುವವರಿಗೂ ಸಲ್ಲುತ್ತವೆ. ಉಳಿದವು ಸ್ಥಳೀಯ ಕೇಬಲ್ ಆಪರೇಟರುಗಳಿಗೆ ಮತ್ತು ಲೈನಿನ ಮೇಲೆ ಕೆಲಸ ಮಾಡುವ ಹೊಸಬರಿಗೆ.

ಆರಂಭಕ್ಕೆ ಮುನ್ನ ಒಂದು ಎಚ್ಚರಿಕೆಯನ್ನು ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಫೈಬರಿನಲ್ಲಿ ಹರಿಯುವ ಬೆಳಕು 1310, 1490, 1550 ನ್ಯಾನೋಮೀಟರ್ ತರಂಗಾಂತರದ್ದು, ಅದು ಕಣ್ಣಿಗೆ ಕಾಣುವುದಿಲ್ಲ. ಏನೂ ಕಾಣಲಿಲ್ಲವೆಂದರೆ ಬೆಳಕಿಲ್ಲವೆಂದು ಅರ್ಥವಲ್ಲ. ಮನೆಗೆ ಬರುವ ಇಂಟರ್ನೆಟ್ ಫೈಬರಿನಲ್ಲಿ ಶಕ್ತಿ ಕಡಿಮೆಯಿದ್ದರೂ, ಕೇಬಲ್ ಟಿವಿಗೆ 1550ರಲ್ಲಿ ಆಂಪ್ಲಿಫೈಯರ್ ಹಾಕಿ ಕಳಿಸುವ ಫೈಬರ್ ಮತ್ತು ಊರಿಂದೂರಿಗೆ ಹೋಗುವ ಮುಖ್ಯ ಫೈಬರುಗಳಲ್ಲಿ ಕಣ್ಣಿಗೆ ಶಾಶ್ವತ ಹಾನಿ ಮಾಡುವಷ್ಟು ಶಕ್ತಿ ಇರಬಹುದು. ಕನೆಕ್ಟರಿನ ತುದಿಯನ್ನಾಗಲಿ ಕಡಿದ ಕೇಬಲಿನ ತುದಿಯನ್ನಾಗಲಿ ಕಣ್ಣಿನ ನೇರಕ್ಕೆ ಎಂದಿಗೂ ಹಿಡಿಯಬಾರದು.

ಒಂದೇ ಮನೆಯಲ್ಲಿ ಇಂಟರ್ನೆಟ್ ಇಲ್ಲ

ಗೋಡೆಯ ಮೇಲೆ ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯ ದೀಪಗಳನ್ನು ಮೊದಲು ನೋಡಬೇಕು. ಯಾವ ದೀಪವೂ ಇಲ್ಲದಿದ್ದರೆ ಅದು ವಿದ್ಯುತ್ತಿನ ಸಮಸ್ಯೆ. ಅಡಾಪ್ಟರನ್ನು ಬೇರೆ ಸಾಕೆಟ್ಟಿಗೆ ಹಾಕಿ ನೋಡಿ, ಅದೇ ವೋಲ್ಟೇಜಿನ ಇನ್ನೊಂದು ಅಡಾಪ್ಟರ್ ಸಿಕ್ಕರೆ ಅದನ್ನೂ ಹಾಕಿ ನೋಡಿ. ವೋಲ್ಟೇಜ್ ಏರಿಳಿತ ಹೆಚ್ಚಿರುವ ತೋಟದ ಮನೆಗಳಲ್ಲಿ ಫೈಬರಿಗಿಂತ ಮೊದಲು ಅಡಾಪ್ಟರ್ ಸುಟ್ಟಿರುವುದೇ ಹೆಚ್ಚು. ಪವರ್ ಮತ್ತು ಪಾನ್ (ಫೈಬರ್ ಸಂಪರ್ಕದ) ದೀಪಗಳು ಹಸಿರಾಗಿ ನಿಂತಿದ್ದು ಇಂಟರ್ನೆಟ್ ಮಾತ್ರ ಇಲ್ಲವಾದರೆ ಬೆಳಕು ನಿಮ್ಮ ಮನೆಯವರೆಗೆ ಸರಿಯಾಗಿಯೇ ಬರುತ್ತಿದೆ ಎಂದರ್ಥ. ಆಗ ದೋಷ ವೈಫೈಯಲ್ಲಿ, ಖಾತೆಯಲ್ಲಿ ಅಥವಾ ಕಂಪನಿಯ ಒಳಜಾಲದಲ್ಲಿ ಇರುತ್ತದೆ, ಕೇಬಲನ್ನು ಮುಟ್ಟುವ ಅಗತ್ಯವಿಲ್ಲ.

ಪಾನ್ ದೀಪ ಮಿಣುಕುತ್ತಲೇ ಇದ್ದು, ಬೆಳಕು ಬಾರದ್ದನ್ನು ತಿಳಿಸುವ ಎಲ್‌ಒಎಸ್ ದೀಪ ಕೆಂಪಾಗಿ ಹೊತ್ತದಿದ್ದರೆ, ಬೆಳಕು ಬರುತ್ತಿದೆ ಆದರೆ ಒಎನ್‌ಟಿ ಮತ್ತು ಕಂಪನಿಯ ತುದಿಯ ಯಂತ್ರವಾದ ಒಎಲ್‌ಟಿ ನಡುವೆ ನೋಂದಣಿ ಪೂರ್ಣವಾಗುತ್ತಿಲ್ಲ ಎಂದು ತಿಳಿಯಬೇಕು. ಎಲ್‌ಒಎಸ್ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಅಥವಾ ಗುರುತಿಸಲಾಗದಷ್ಟು ಕ್ಷೀಣವಾಗಿದೆ. ಆಗ ಹಳದಿ ತಂತಿಯ, ಅಂದರೆ ಪ್ಯಾಚ್ ಕಾರ್ಡಿನ, ಹಾದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಾರೆ ನೋಡಿಕೊಂಡು ಬನ್ನಿ. ಬಾಗಿಲ ಸಂದಿಗೆ ಸಿಕ್ಕಿದೆಯೇ, ಮೊಳೆಗೆ ಬಿಗಿಯಾಗಿ ಸುತ್ತಿದ್ದಾರೆಯೇ, ಕಪಾಟು ಸರಿಸಿದಾಗ ಅದರ ಕಾಲಡಿ ಬಿದ್ದಿದೆಯೇ, ಇಲಿ ಕಚ್ಚಿದೆಯೇ ಎಂಬುದನ್ನು ಪರೀಕ್ಷಿಸಿ. ಬಾಗಿದ ಫೈಬರ್ ಮುರಿಯದಿದ್ದರೂ ಬಾಗಿದ ಜಾಗದಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಬಿಗಿದ ಸುತ್ತನ್ನು ಬಿಚ್ಚಿ ದೊಡ್ಡದಾಗಿ ಸುತ್ತಿಟ್ಟ ಕೂಡಲೇ ಕೆಂಪು ದೀಪ ಆರಿದ ಮನೆಗಳು ಎಷ್ಟೋ ಇವೆ.

ಕನೆಕ್ಟರನ್ನು ಬಿಚ್ಚಿ ಬೆರಳಿನಿಂದ ಒರೆಸುವುದನ್ನಾಗಲಿ ಬಾಯಿಯಿಂದ ಊದುವುದನ್ನಾಗಲಿ ಮಾಡಬೇಡಿ. ಬೆಳಕು ಹಾಯುವ ಗಾಜಿನ ತಿರುಳು ಸುಮಾರು 9 ಮೈಕ್ರಾನ್ ಮಾತ್ರ ಅಗಲವಿದೆ, ಆ ಜಾಗಕ್ಕೆ ಬೆರಳಿನ ಜಿಡ್ಡು ಸಾಕಷ್ಟು ದೊಡ್ಡ ಅಡ್ಡಿ. ಹಸಿರು ತಲೆಯ ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿ ತಲೆಯದಕ್ಕೆ ಆ ಓರೆ ಇರುವುದಿಲ್ಲ. ಎರಡನ್ನೂ ಎದುರುಬದುರು ಸಿಕ್ಕಿಸಿದರೆ ಬೆಳಕು ಅರ್ಧದಾರಿಯಲ್ಲೇ ನಷ್ಟವಾಗುವುದಲ್ಲದೆ ತುದಿಗಳೂ ಕೆಡಬಹುದು. ಪ್ಯಾಚ್ ಕಾರ್ಡ್ ಸರಿಯಿದ್ದೂ ಕೆಂಪು ದೀಪ ಉಳಿದಿದ್ದರೆ ಗ್ರಾಹಕರು ಅಲ್ಲಿಗೆ ನಿಲ್ಲಿಸಿ ದೂರು ದಾಖಲಿಸಬೇಕು. ದೂರಿನಲ್ಲಿ ಯಾವ ದೀಪ ಯಾವ ಬಣ್ಣದಲ್ಲಿದೆ, ಎಷ್ಟು ಹೊತ್ತಿಗೆ ನಿಂತಿತು, ಪಕ್ಕದ ಮನೆಯಲ್ಲಿ ಇದೆಯೇ ಇಲ್ಲವೇ ಎಂಬ ಮೂರು ಸಂಗತಿ ಹೇಳಿದರೆ ಬರುವವರ ಅರ್ಧ ಕೆಲಸ ಮುಗಿದಂತೆ.

ಪವರ್ ಮೀಟರ್ ಇರುವವರು ಇಲ್ಲಿ 1490ರಲ್ಲಿ ಅಳೆಯಬೇಕು. ಮನೆಗಳಿಗೆ ಫೈಬರ್ ಹಂಚುವ ಜಿಪಾನ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿ ಪ್ಲಸ್ ದರ್ಜೆಯಲ್ಲಿ ಒಎನ್‌ಟಿಗೆ ಬೇಕಾದ ಬೆಳಕು ಮೈನಸ್ 8ರಿಂದ ಮೈನಸ್ 27 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ನಡುವೆ ಇರಬೇಕು. ಲೆಕ್ಕ ಸರಳವಾಗಿದೆ: ಒಎಲ್‌ಟಿಯಿಂದ ಪ್ಲಸ್ 3 ಹೊರಟು, 32 ಮನೆಗೆ ಹಂಚುವ ಸ್ಪ್ಲಿಟರಿನಲ್ಲಿ ಸುಮಾರು 17, ಎಂಟು ಕಿಲೋಮೀಟರ್ ಫೈಬರಿನಲ್ಲಿ ಸುಮಾರು 2, ಜಾಯಿಂಟು ಮತ್ತು ಕನೆಕ್ಟರುಗಳಲ್ಲಿ ಇನ್ನೊಂದು 2 ಹೋದರೆ ಮನೆಯಲ್ಲಿ ಮೈನಸ್ 18 ಸಿಗಬೇಕು. ಮೈನಸ್ 26 ತೋರಿಸುತ್ತಿದ್ದರೆ ಸೇವೆ ಸದ್ಯಕ್ಕೆ ನಡೆಯುತ್ತಿದ್ದರೂ ಎಲ್ಲೋ 8 ಡಿಬಿ ಕಳೆದುಹೋಗಿದೆ, ಮೊದಲ ಮಳೆಗೆ ಅದು ನಿಲ್ಲುವ ಸಂಪರ್ಕ.

ಇಡೀ ಓಣಿ ಅಥವಾ ಇಡೀ ಊರು ಒಮ್ಮೆಗೇ ನಿಂತಿದೆ

ಮೊದಲ ಪ್ರಶ್ನೆ ಕರೆಂಟಿನದು. ಊರಲ್ಲಿ ಕರೆಂಟ್ ಇಲ್ಲದಾಗ ಕೇಬಲ್ ಹುಡುಕಿಕೊಂಡು ಹತ್ತು ಕಿಲೋಮೀಟರ್ ಅಲೆದವರನ್ನು ನಾನು ಬಲ್ಲೆ. ಒಎಲ್‌ಟಿಯ ಪರದೆ ನೋಡುವ ಅವಕಾಶವಿದ್ದವರಿಗೆ ಇದನ್ನು ಬೇರ್ಪಡಿಸುವ ಸೊಗಸಾದ ಸುಳಿವೊಂದಿದೆ. ಒಎನ್‌ಟಿಗೆ ವಿದ್ಯುತ್ ಹೋದಾಗ ಅದು ಆರುವ ಮೊದಲು ತನ್ನಲ್ಲಿ ಉಳಿದ ಕಿಂಚಿತ್ ಶಕ್ತಿಯಿಂದ ಡೈಯಿಂಗ್ ಗ್ಯಾಸ್ಪ್ ಎಂಬ ಕೊನೆಯ ಸಂದೇಶ ಕಳಿಸುತ್ತದೆ. ಸಂಜೆ ಆರು ಗಂಟೆಗೆ ಮೂವತ್ತು ಒಎನ್‌ಟಿಗಳು ಆ ಸಂದೇಶದೊಂದಿಗೆ ಹೋಗಿದ್ದರೆ ಅದು ಕರೆಂಟ್ ಕಡಿತ. ಅದೇ ಮೂವತ್ತು ಒಎನ್‌ಟಿಗಳು ಯಾವ ಸಂದೇಶವೂ ಇಲ್ಲದೆ ಒಂದೇ ಕ್ಷಣದಲ್ಲಿ ಮಾಯವಾಗಿದ್ದರೆ ಅದು ಫೈಬರ್ ಕಡಿತ. ಬ್ಯಾಟರಿಯ ಮೇಲೆ ನಡೆಯುವ ಒಎನ್‌ಟಿಗಳು ಈ ಲೆಕ್ಕವನ್ನು ತುಸು ಕೆಡಿಸುತ್ತವೆ, ಆದರೂ ದಿಕ್ಕು ತಿಳಿಯಲು ಇದು ಸಾಕು.

ಎರಡನೆಯದಾಗಿ, ಯಾರು ಯಾರು ನಿಂತಿದ್ದಾರೆ ಎಂಬ ಪಟ್ಟಿಯೇ ಒಂದು ನಕ್ಷೆ. ಒಂದು ಸ್ಪ್ಲಿಟರಿನ ಎಲ್ಲ ಮನೆಗಳೂ ನಿಂತು ಪಕ್ಕದ ಸ್ಪ್ಲಿಟರಿನ ಮನೆಗಳು ನಡೆಯುತ್ತಿದ್ದರೆ ದೋಷ ಆ ಸ್ಪ್ಲಿಟರಿನಲ್ಲಿ ಅಥವಾ ಅದಕ್ಕೆ ಬರುವ ಒಂದು ಫೈಬರಿನಲ್ಲಿ ಇದೆ. ಒಂದೇ ಪಾನ್ ಪೋರ್ಟಿನ ಎಲ್ಲವೂ ಹೋಗಿದ್ದರೆ ಒಎಲ್‌ಟಿಯ ಎಸ್‌ಎಫ್‌ಪಿಯನ್ನು (ಪೋರ್ಟಿನಲ್ಲಿ ಬೆಳಕು ಕಳಿಸುವ, ಪಡೆಯುವ ಚಿಕ್ಕ ಬಿಡಿಭಾಗ) ಮೊದಲು ಬದಲಿಸಿ ನೋಡಬೇಕು, ಅದಕ್ಕೆ ಐದು ನಿಮಿಷ ಸಾಕು. ಹಲವು ಪೋರ್ಟುಗಳು ಒಟ್ಟಿಗೆ ಹೋಗಿ, ಅವೆಲ್ಲವೂ ಒಂದೇ ಕೇಬಲಿನಲ್ಲಿ ಹೋಗುವ ಫೈಬರುಗಳಾಗಿದ್ದರೆ ಮಾತ್ರ ಕೇಬಲ್ ಪೂರ್ತಿ ತುಂಡಾಗಿದೆ ಎಂದು ನಿರ್ಧರಿಸಬಹುದು. ಒಂದೇ ಕೇಬಲಿನ ಕೆಲವು ಫೈಬರುಗಳು ಸತ್ತು ಕೆಲವು ಬದುಕಿದ್ದರೆ ಜೆಸಿಬಿಗಿಂತ ಹೆಗ್ಗಣದ ಮೇಲೆ, ಬೆಂಕಿಯ ಮೇಲೆ ಅಥವಾ ಜಾಯಿಂಟ್ ಪೆಟ್ಟಿಗೆಯ ಮೇಲೆ ಸಂಶಯ ಪಡಬೇಕು. ಬಾದಾಮಿಯಂಥ ಊರುಗಳಲ್ಲಿ ಕಂಬದ ಮೇಲಿನ ಕೇಬಲಿಗೆ ಮಂಗಗಳ ಕಾಟವನ್ನೂ ಸೇರಿಸಿಕೊಳ್ಳಬೇಕು.

ಪಂಚಾಯಿತಿ ಕಚೇರಿಯಲ್ಲಿರುವವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಊರಿನ ಸುತ್ತ ಅಂದು ಎಲ್ಲಿ ಅಗೆಯುತ್ತಿದ್ದಾರೆ ಎಂದು ವಿಚಾರಿಸಿ ಹೇಳುವುದು. ಯಾವ ಯಂತ್ರಕ್ಕೂ ಸಿಗದ ಮಾಹಿತಿ ಅಗಸಿಯ ಹತ್ತಿರ ಕುಳಿತವರಿಗೆ ಗೊತ್ತಿರುತ್ತದೆ. ಅಗೆದವರ ಮೇಲೆ ಕೂಗಾಡಬಾರದು. ಹೆದರಿ ಮಣ್ಣು ಮುಚ್ಚಿ ಹೋದರೆ ನಮಗೇ ನಷ್ಟ.

ಮೊಬೈಲಿನಲ್ಲಿ ಸಿಗ್ನಲ್ ಪೂರ್ತಿ ಇದೆ, ಆದರೆ ಕರೆ ಹೋಗುತ್ತಿಲ್ಲ, ಡೇಟಾ ಇಲ್ಲ

ಟವರಿನ ರೇಡಿಯೋ ನಡೆಯುತ್ತಿದ್ದು, ಆ ಟವರನ್ನು ಮುಖ್ಯ ಜಾಲಕ್ಕೆ ಜೋಡಿಸುವ ಫೈಬರ್ ಕಡಿದಾಗ ಈ ಲಕ್ಷಣ ಕಾಣುತ್ತದೆ. ಫೋನಿನ ಗೆರೆಗಳು ನಿಮ್ಮ ಮತ್ತು ಟವರಿನ ನಡುವಿನ ಗಾಳಿಯ ಹಾದಿಯನ್ನು ಮಾತ್ರ ತೋರಿಸುತ್ತವೆ, ಟವರಿನ ಹಿಂದಿನ ಹಾದಿಯನ್ನಲ್ಲ. ಅದೇ ಹೊತ್ತಿಗೆ ಎಟಿಎಂ, ಅಂಗಡಿಯ ಕಾರ್ಡ್ ಯಂತ್ರ, ಪಡಿತರ ಅಂಗಡಿಯ ಬೆರಳಚ್ಚು ಯಂತ್ರ ಕೂಡ ನಿಂತಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಗ್ರಾಹಕರು ಸಿಮ್ ತೆಗೆದು ಹಾಕಿ ಪ್ರಯೋಜನವಿಲ್ಲ. ತುರ್ತು ಅಗತ್ಯವಿದ್ದರೆ 112ಕ್ಕೆ ಕರೆ ಮಾಡಬೇಕು. ಆ ಕರೆ ಲಭ್ಯವಿರುವ ಬೇರೆ ಕಂಪನಿಯ ಜಾಲದ ಮೂಲಕವೂ ಹೋಗಬಲ್ಲದು; ಸತ್ತ ಟವರಿಗೇ ಫೋನು ಅಂಟಿಕೊಂಡಿದ್ದರೆ ನಾಲ್ಕು ಹೆಜ್ಜೆ ಸರಿದು, ಇಲ್ಲವೇ ಬೇರೆ ಕಂಪನಿಯ ಫೋನಿನಿಂದ ಪ್ರಯತ್ನಿಸಿ.

ಮುಖ್ಯ ಹಾದಿಗಳನ್ನು ಸಾಮಾನ್ಯವಾಗಿ ರಿಂಗಿನಂತೆ ಜೋಡಿಸಿರುತ್ತಾರೆ. ಒಂದು ಕಡೆ ಕಡಿದರೆ ದಟ್ಟಣೆ ಇನ್ನೊಂದು ಸುತ್ತಿನಿಂದ ಹೋಗುತ್ತದೆ, ಗ್ರಾಹಕರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ರಿಂಗ್ ಇರುವ ಹಾದಿಯಲ್ಲಿ ಸೇವೆ ನಿಂತಿದ್ದರೆ ಎರಡು ಕಡಿತಗಳನ್ನು ಹುಡುಕಬೇಕು, ಒಂದು ಇವತ್ತಿನದು, ಇನ್ನೊಂದು ಬಹುಶಃ ಹಿಂದಿನ ವಾರದ್ದು. ಹಳೆಯ ಕಡಿತವನ್ನು ಸೇವೆ ನಡೆಯುತ್ತಿದೆ ಎಂಬ ಸಮಾಧಾನದಲ್ಲಿ ಬಾಕಿ ಇಟ್ಟಿರುತ್ತಾರೆ. ಇನ್ನೊಂದು ಸಂಗತಿಯನ್ನೂ ಪರೀಕ್ಷಿಸಬೇಕು: ಕಾಗದದ ಮೇಲೆ ಎರಡು ದಾರಿಯಾಗಿ ಕಾಣುವ ರಿಂಗು ನೆಲದ ಮೇಲೆ ಒಂದೇ ಸೇತುವೆಯನ್ನು ಹಾಯ್ದಿರಬಹುದು. ಆಲಮಟ್ಟಿಯ ಹಿನ್ನೀರು ಹರಡಿಕೊಂಡಿರುವ ನಮ್ಮ ಭಾಗದಲ್ಲಿ ಕೃಷ್ಣೆಯನ್ನು ದಾಟುವ ಸೇತುವೆಗಳು ಕೆಲವೇ. ಕೋರ್ತಿ-ಕೊಲ್ಹಾರದಂಥ ಸೇತುವೆಯ ಮೇಲೆ ಎರಡೂ ದಾರಿಗಳು ಅಕ್ಕಪಕ್ಕ ಮಲಗಿದ್ದರೆ ಅದನ್ನು ರಿಂಗ್ ಎನ್ನಲಾಗದು. ಎರಡೂ ಹಾದಿ ಒಂದೇ ನಿಮಿಷದಲ್ಲಿ ಹೋಗಿದ್ದರೆ ಮೊದಲು ನೋಡಬೇಕಾದ್ದು ಅವೆರಡೂ ಕೂಡುವ ಜಾಗವನ್ನೇ.

ಸೇವೆ ಇದೆ, ಆದರೆ ಬಂದುಬಂದು ಹೋಗುತ್ತದೆ

ಪೂರ್ತಿ ಕಡಿದ ಕೇಬಲಿಗಿಂತ ಇದು ಕಷ್ಟದ ದೋಷ. ಯಾವಾಗ ಹೋಗುತ್ತದೆ ಎಂಬುದನ್ನು ಎರಡು ದಿನ ಬರೆದಿಟ್ಟುಕೊಂಡರೆ ಕಾರಣ ತಾನಾಗಿ ಹತ್ತಿರ ಬರುತ್ತದೆ. ಗಾಳಿ ಬೀಸಿದಾಗ ಹೋಗುವುದಾದರೆ ಕಂಬದ ಮೇಲೆ ಕೇಬಲ್ ಎಲ್ಲೋ ಕ್ಲ್ಯಾಂಪಿನಲ್ಲಿ ಮಡಚಿದೆ. ಮಳೆ ಬಂದು ಒಂದೆರಡು ದಿನಕ್ಕೆ ಹೋಗುವುದಾದರೆ ಜಾಯಿಂಟ್ ಪೆಟ್ಟಿಗೆಗೆ ನೀರು ಇಳಿದಿದೆ. ಮಧ್ಯಾಹ್ನ ಮಾತ್ರ ಹೋಗುವುದಾದರೆ ಫೈಬರಿಗಿಂತ ಮೊದಲು ಉಪಕರಣದ ಬಿಸಿಯನ್ನು ನೋಡಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಪೆಟ್ಟಿಗೆಯೊಳಗಿನ ಫ್ಯಾನ್ ನಿಂತರೆ ಎಸ್‌ಎಫ್‌ಪಿ ಕೈಕೊಡುತ್ತದೆ.

ಒಟಿಡಿಆರ್ (ಫೈಬರಿನಲ್ಲಿ ನಷ್ಟ ಎಷ್ಟು ದೂರದಲ್ಲಿದೆ ಎಂದು ತೋರಿಸುವ ಯಂತ್ರ) ಇದ್ದವರು ಒಂದೇ ಫೈಬರನ್ನು 1310 ಮತ್ತು 1550 ಎರಡರಲ್ಲೂ ಅಳೆದು ಹೋಲಿಸಬೇಕು. ಒಂದು ಜಾಗದಲ್ಲಿ 1310ರಲ್ಲಿ ನಷ್ಟ ಕಡಿಮೆಯಿದ್ದು 1550ರಲ್ಲಿ ಹೆಚ್ಚಿದ್ದರೆ ಅಲ್ಲಿ ಫೈಬರ್ ಬಾಗಿದೆ ಅಥವಾ ಒತ್ತಡಕ್ಕೆ ಸಿಕ್ಕಿದೆ, ಏಕೆಂದರೆ ಉದ್ದ ತರಂಗಾಂತರದ ಬೆಳಕು ಬಾಗಿದ ಜಾಗದಲ್ಲಿ ಬೇಗ ಸೋರುತ್ತದೆ. ಎರಡರಲ್ಲೂ ನಷ್ಟ ಸಮನಾಗಿದ್ದರೆ ಅದು ಕೆಟ್ಟ ಸ್ಪ್ಲೈಸ್ (ಎರಡು ಫೈಬರುಗಳ ಬೆಸುಗೆ) ಅಥವಾ ಕೊಳೆಯಾದ ಕನೆಕ್ಟರ್. ಈ ಒಂದು ಹೋಲಿಕೆ ಅನಗತ್ಯವಾಗಿ ಜಾಯಿಂಟ್ ಬಿಚ್ಚುವುದನ್ನು ಎಷ್ಟು ಸಲ ತಪ್ಪಿಸಿದೆಯೋ ಲೆಕ್ಕವಿಲ್ಲ.

ಕೇಬಲ್ ಕಡಿದಿದೆ ಎಂಬುದು ಖಚಿತ, ಎಲ್ಲಿ ಎಂದು ತಿಳಿಯುತ್ತಿಲ್ಲ

ಇಲ್ಲಿ ಒಟಿಡಿಆರ್ ಬೇಕೇ ಬೇಕು. ಒಟಿಡಿಆರ್ ಒಂದು ಬೆಳಕಿನ ಮಿಂಚನ್ನು ಒಳಗೆ ಬಿಟ್ಟು, ಅದು ಮರಳಿ ಬರಲು ತಗಲಿದ ಕಾಲದಿಂದ ದೂರವನ್ನು ಲೆಕ್ಕಹಾಕುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗುವುದರಿಂದ ಒಂದು ಕಿಲೋಮೀಟರ್ ಹೋಗಿಬರಲು ಸುಮಾರು 10 ಮೈಕ್ರೋಸೆಕೆಂಡ್ ಬೇಕು. ಫೈಬರನ್ನು ಯಂತ್ರಕ್ಕೆ ಹಚ್ಚುವ ಮೊದಲು ಎರಡೂ ತುದಿಯ ಉಪಕರಣಗಳಿಂದ ಆ ಫೈಬರನ್ನು ಬಿಚ್ಚಿರಬೇಕು. ಒಟಿಡಿಆರ್‌ನ ಮಿಂಚು ಅತ್ತಲಿನ ರಿಸೀವರನ್ನು ಕೆಡಿಸಬಹುದು, ಅತ್ತಲಿನ ಲೇಸರ್ ನಮ್ಮ ಒಟಿಡಿಆರನ್ನು ಕೆಡಿಸಬಹುದು.

ಯಂತ್ರ ತೋರಿಸುವ ಅಂಕಿಯನ್ನು ನಂಬಿ ನೇರ ಮೋಟರ್‌ಸೈಕಲಿನ ಮೀಟರ್ ನೋಡಿಕೊಂಡು ಹೋಗಿ ಅಗೆದರೆ ಸಾಮಾನ್ಯವಾಗಿ ಜಾಗ ತಪ್ಪುತ್ತದೆ, ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ವಕ್ರೀಭವನ ಸೂಚ್ಯಂಕ. 1310ರಲ್ಲಿ ಸಾಮಾನ್ಯ ಫೈಬರಿಗೆ ಅದು ಸುಮಾರು 1.4677, ಯಾರೋ ಅದನ್ನು 1.4700 ಎಂದು ಇಟ್ಟು ಹೋಗಿದ್ದರೆ 20 ಕಿಲೋಮೀಟರಿನಲ್ಲಿ ಸುಮಾರು 31 ಮೀಟರ್ ತಪ್ಪುತ್ತದೆ. ಎರಡನೆಯದು, ಕೇಬಲಿನೊಳಗೆ ಫೈಬರ್ ನೇರವಾಗಿ ಇರುವುದಿಲ್ಲ, ಟ್ಯೂಬುಗಳು ಹುರಿಯಂತೆ ಸುತ್ತಿಕೊಂಡಿರುತ್ತವೆ. ಒಂದು ಶೇಕಡ ಹೆಚ್ಚಿದ್ದರೂ 20 ಕಿಲೋಮೀಟರಿಗೆ 200 ಮೀಟರ್ ವ್ಯತ್ಯಾಸವಾಯಿತು. ಮೂರನೆಯದು, ಪ್ರತಿ ಜಾಯಿಂಟಿನ ಗುಂಡಿಯಲ್ಲಿ ಹತ್ತಿಪ್ಪತ್ತು ಮೀಟರ್ ಕೇಬಲನ್ನು ಸುತ್ತಿ ಇಟ್ಟಿರುತ್ತಾರೆ, ಅದು ಯಂತ್ರದ ಲೆಕ್ಕಕ್ಕೆ ಬರುತ್ತದೆ, ರಸ್ತೆಯ ಲೆಕ್ಕಕ್ಕೆ ಬರುವುದಿಲ್ಲ.

ಇವೆಲ್ಲಕ್ಕೂ ಒಂದೇ ಪರಿಹಾರವೆಂದರೆ ಎಕ್ಸ್‌ಚೇಂಜಿನಿಂದ ಅಳೆಯದೆ ಹತ್ತಿರದ ಜಾಯಿಂಟಿನಿಂದ ಅಳೆಯುವುದು. ಎರಡು ಕಿಲೋಮೀಟರಿನ ಡ್ರಮ್ಮುಗಳಿಂದ ಹಾಕಿದ ಹಾದಿಯಲ್ಲಿ ಎರಡೆರಡು ಕಿಲೋಮೀಟರಿಗೆ ಒಂದು ಜಾಯಿಂಟ್ ಇರುತ್ತದೆ. ಹಳೆಯ ದಾಖಲೆಯಲ್ಲಿ ಏಳನೆಯ ಜಾಯಿಂಟ್ 14.21 ಕಿಲೋಮೀಟರಿಗೆ ಕಂಡಿದ್ದು, ಇಂದಿನ ಕಡಿತ 14.62ಕ್ಕೆ ಕಂಡರೆ ಏಳನೆಯ ಜಾಯಿಂಟಿನ ಗುಂಡಿಯಿಂದ 410 ಮೀಟರ್ ಮುಂದೆ ಹೋಗಬೇಕು, ಸುತ್ತಿಟ್ಟ ಕೇಬಲಿನ ಲೆಕ್ಕ ಕಳೆದರೆ ಸುಮಾರು 395. ಆಗ ಉಳಿಯುವ ತಪ್ಪು ಐದಾರು ಮೀಟರಿನದು, ಅದನ್ನು ಕಣ್ಣೇ ತುಂಬಿಕೊಳ್ಳುತ್ತದೆ: ಹೊಸ ಮಣ್ಣು, ಜೆಸಿಬಿಯ ಚಕ್ರದ ಗುರುತು, ಹೊರಗೆ ಇಣುಕಿದ ಡಕ್ಟಿನ ಬಣ್ಣ.

ಪಲ್ಸಿನ, ಅಂದರೆ ಯಂತ್ರ ಬಿಡುವ ಆ ಮಿಂಚಿನ, ಅಗಲವನ್ನು ಆರಿಸುವಾಗಲೂ ವಿವೇಕ ಬೇಕು. 10 ನ್ಯಾನೋಸೆಕೆಂಡಿನ ಪಲ್ಸ್ ಪರದೆಯ ಮೇಲೆ ಸುಮಾರು 1 ಮೀಟರಿನಷ್ಟು ಅಗಲ, 1 ಮೈಕ್ರೋಸೆಕೆಂಡಿನದು ಸುಮಾರು 100 ಮೀಟರ್. ದೂರ ನೋಡಲು ಅಗಲ ಪಲ್ಸ್ ಬೇಕಾಗುತ್ತದೆ, ಆದರೆ ಆ ಅಗಲದೊಳಗೆ ಇರುವ ಎರಡನೆಯ ದೋಷ ಅದಕ್ಕೆ ಕಾಣುವುದಿಲ್ಲ. ಎಕ್ಸ್‌ಚೇಂಜಿನ ಕಟ್ಟಡದಲ್ಲೇ ದೋಷವಿದ್ದರೆ ಲಾಂಚ್ ಕೇಬಲ್ (ಯಂತ್ರಕ್ಕೂ ಹಾದಿಗೂ ನಡುವೆ ಹಾಕುವ ಹೆಚ್ಚುವರಿ ಫೈಬರ್) ಇಲ್ಲದೆ ಅದೂ ಕಾಣುವುದಿಲ್ಲ. ಅಂಥಲ್ಲಿ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಫೈಬರಿಗೆ ಬಿಟ್ಟು ಮುರಿದ ಜಾಗ ತೋರಿಸುವ ವಿಎಫ್‌ಎಲ್ ಪೆನ್ನು ಹೆಚ್ಚು ಉಪಯೋಗಿ.

ಮತ್ತು ಎರಡೂ ತುದಿಗಳಿಂದ ಅಳೆಯಬೇಕು. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ಸಿಂದಗಿ ಕಡೆಯ ಹಾದಿಯೊಂದರಲ್ಲಿ ಜೆಸಿಬಿ ಕಡಿದ ಕೇಬಲನ್ನು ನಾವು ಎರಡು ತಾಸಿನಲ್ಲಿ ಪತ್ತೆಹಚ್ಚಿ, ಸುಡುಬಿಸಿಲಿನಲ್ಲಿ ಕುಳಿತು 24 ಫೈಬರುಗಳನ್ನೂ ಜೋಡಿಸಿದೆವು. ಆದರೆ ಸೇವೆ ಬರಲಿಲ್ಲ. ಯಂತ್ರದ ಬಕೆಟ್ ಕೇಬಲನ್ನು ಕಡಿಯುವ ಮೊದಲು ಎಳೆದಿತ್ತು, ಆ ಎಳೆತಕ್ಕೆ ಮುಂದಿನ ಜಾಯಿಂಟಿನ ಪೆಟ್ಟಿಗೆಯೊಳಗೆ ಫೈಬರುಗಳು ಕಿತ್ತುಹೋಗಿದ್ದವು. ಮೇಲಿನಿಂದ ಆ ಗುಂಡಿಯ ಮಣ್ಣು ಕೂಡ ಕದಲಿರಲಿಲ್ಲ. ಅಂದು ಆ ಹಾದಿಯಲ್ಲಿದ್ದ ಊರುಗಳ ಸೇವೆ ರಾತ್ರಿಯವರೆಗೆ ಬರಲಿಲ್ಲ, ಆ ತಡ ಸಂಪೂರ್ಣವಾಗಿ ನಾವು ಒಂದೇ ತುದಿಯಿಂದ ಅಳೆದದ್ದರ ಫಲ.

ಲೆಕ್ಕ ಹೀಗಿದೆ. ಹಾದಿಯ ಒಟ್ಟು ಫೈಬರ್ ಉದ್ದ 38.40 ಕಿಲೋಮೀಟರ್ ಎಂದು ದಾಖಲೆಯಲ್ಲಿದೆ ಎಂದುಕೊಳ್ಳಿ. ಈ ತುದಿಯಿಂದ ಕಡಿತ 14.62ಕ್ಕೆ, ಆ ತುದಿಯಿಂದ 23.78ಕ್ಕೆ ಕಂಡರೆ ಕೂಡಿದಾಗ 38.40 ಆಗುತ್ತದೆ, ಕಡಿತ ಒಂದೇ. ಆ ತುದಿಯಿಂದ 23.30ಕ್ಕೆ ಕಂಡರೆ ಮೊತ್ತ 37.92, ಅಂದರೆ 480 ಮೀಟರ್ ಫೈಬರ್ ಎರಡು ಕಡಿತಗಳ ನಡುವೆ ಯಾವ ತುದಿಗೂ ಸೇರದೆ ಉಳಿದಿದೆ. ಈ ಕೂಡಿಸುವ ಲೆಕ್ಕಕ್ಕೆ ಒಂದು ನಿಮಿಷ ಸಾಕು. ಇದನ್ನು ಮಾಡದೆ ಗುದ್ದಲಿ ಎತ್ತಬಾರದು.

ಕಡಿದ ಜಾಗ ಸಿಕ್ಕಿದೆ

ಗುಂಡಿಗೆ ಇಳಿಯುವ ಮೊದಲು ಸುತ್ತ ನೋಡಿ. ಅದೇ ಬದಿಯಲ್ಲಿ ವಿದ್ಯುತ್ ಕೇಬಲ್ ಅಥವಾ ನೀರಿನ ಪೈಪ್ ಇರಬಹುದು. ಬೆಳಗಾವಿ ಜಿಲ್ಲೆಯ ಮೂಲಕ ದಾಭೋಳ್-ಬೆಂಗಳೂರು ನೈಸರ್ಗಿಕ ಅನಿಲದ ಕೊಳವೆ ಹಾದುಹೋಗುತ್ತದೆ. ಅನಿಲ ಕೊಳವೆಯ ಗುರುತಿನ ಕಂಬ ಕಂಡರೆ ಅಲ್ಲಿ ಯಂತ್ರ ಇಳಿಸಬಾರದು, ಕೊಳವೆಯವರಿಗೆ ತಿಳಿಸದೆ ಕೈಯಿಂದಲೂ ಅಗೆಯಬಾರದು. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಾಲ್ ಬಿಫೋರ್ ಯು ಡಿಗ್ ಆ್ಯಪ್ ಅಗೆಯುವವರನ್ನೂ ನೆಲದೊಳಗಿನ ಆಸ್ತಿಯ ಮಾಲೀಕರನ್ನೂ ಸಂಪರ್ಕಕ್ಕೆ ತರುವುದಕ್ಕಾಗಿಯೇ ಇದೆ; ನಾವೂ ಅಗೆಯುವವರೇ ಎಂಬುದನ್ನು ಮರೆಯಬಾರದು. ಎರೆಮಣ್ಣಿನ ಗುಂಡಿಯ ಗೋಡೆ ಒಣಗಿದ್ದಾಗ ಕಲ್ಲಿನಂತೆ ನಿಂತು, ತೇವವಾದ ಕೂಡಲೇ ಒಮ್ಮೆಗೇ ಕುಸಿಯುತ್ತದೆ, ಆದ್ದರಿಂದ ಎದೆಮಟ್ಟಕ್ಕಿಂತ ಆಳದ ಗುಂಡಿಯಲ್ಲಿ ಒಬ್ಬರೇ ಕೂರಬಾರದು. ಮುಚ್ಚಿದ ಮ್ಯಾನ್‌ಹೋಲಿನಲ್ಲಿ ಕೆಟ್ಟ ಗಾಳಿ, ಹಾವು ಎರಡೂ ಇರುತ್ತವೆ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಅನಿಲ ಪರೀಕ್ಷಿಸಿ, ಮೇಲೆ ಒಬ್ಬರನ್ನು ನಿಲ್ಲಿಸಿ ಇಳಿಯಬೇಕು.

ಜಜ್ಜಿದ ತುದಿಯನ್ನು ಎರಡೂ ಕಡೆ ಧಾರಾಳವಾಗಿ ಕತ್ತರಿಸಿ ತೆಗೆಯಿರಿ. ಹೊರಗೆ ಚೆನ್ನಾಗಿ ಕಾಣುವ ಕೇಬಲಿನೊಳಗೆ ಫೈಬರ್ ಹಲವು ಮೀಟರ್ ದೂರದವರೆಗೆ ಬಿರುಕು ಬಿಟ್ಟಿರಬಹುದು. ಸುತ್ತಿಟ್ಟ ಕೇಬಲ್ ಎಳೆದುಕೊಳ್ಳಲು ಸಿಕ್ಕರೆ ಒಂದೇ ಜಾಯಿಂಟಿನಲ್ಲಿ ಮುಗಿಯುತ್ತದೆ, ಸಿಗದಿದ್ದರೆ ನಡುವೆ ತುಂಡು ಕೇಬಲ್ ಹಾಕಿ ಎರಡು ಜಾಯಿಂಟ್ ಮಾಡಬೇಕು. ಬಿಗಿಯಾಗಿ ಎಳೆದು ಒಂದರಲ್ಲೇ ಮುಗಿಸುವ ಆಸೆ ಬೇಡ. ಬಣ್ಣಗಳ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ ಎಂದು ಹೋಗುತ್ತದೆ. ಟ್ಯೂಬಿನ ಬಣ್ಣವನ್ನು ಮೊದಲು, ಫೈಬರಿನ ಬಣ್ಣವನ್ನು ನಂತರ ನೋಡಿ. ಟಾರ್ಚಿನ ಬೆಳಕಿನಲ್ಲಿ ಬೂದು ಮತ್ತು ಬಿಳಿ, ಗುಲಾಬಿ ಮತ್ತು ಕಿತ್ತಳೆ ಮೋಸ ಮಾಡುತ್ತವೆ. ಯಾವ ಫೈಬರಿನಲ್ಲಿ ಆಸ್ಪತ್ರೆ, ಪೊಲೀಸ್, ಹೆಚ್ಚು ಟವರುಗಳು ಇವೆಯೋ ಅದನ್ನು ಮೊದಲು ಜೋಡಿಸಿ, ಸೇವೆ ಬಂದದ್ದನ್ನು ಅತ್ತಲಿಂದ ಖಚಿತಪಡಿಸಿಕೊಂಡು ಮುಂದಿನದಕ್ಕೆ ಹೋಗಬೇಕು. ಇಪ್ಪತ್ತನಾಲ್ಕೂ ಮುಗಿಯುವವರೆಗೆ ಎಲ್ಲರನ್ನೂ ಕಾಯಿಸುವುದು ಸರಿಯಲ್ಲ.

ಸ್ಪ್ಲೈಸಿಂಗ್ ಯಂತ್ರವನ್ನು ಧೂಳು ಗಾಳಿಯಿಂದ ಮರೆಮಾಡಿ, ಫೈಬರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕತ್ತರಿಸಿದ ತುದಿಯ ಕೋನ 1 ಡಿಗ್ರಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ. ಯಂತ್ರ 0.05 ಡಿಬಿ ಎಂದು ತೋರಿಸಿದರೂ ಅದು ಅಂದಾಜು ಮಾತ್ರ, ನಿಜವಾದ ನಷ್ಟವನ್ನು ಒಟಿಡಿಆರ್ ಹೇಳಬೇಕು, 0.1 ಮೀರಿದ್ದನ್ನು ಮುರಿದು ಮತ್ತೆ ಮಾಡುವುದು ಒಳ್ಳೆಯದು. ಕತ್ತರಿಸಿದ ಗಾಜಿನ ಚೂರುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲೇ ಹಾಕಿ. ಹೊಲದಲ್ಲಿ ಬಿದ್ದ ಚೂರು ಬರಿಗಾಲಿನಲ್ಲಿ ನಡೆಯುವವರ ಪಾದಕ್ಕೆ ಸೇರುತ್ತದೆ, ಚರ್ಮದೊಳಗೆ ಹೊಕ್ಕರೆ ಕಾಣುವುದೂ ಇಲ್ಲ. ಆ ಕೈಯಿಂದ ಕಣ್ಣುಜ್ಜುವುದನ್ನಾಗಲಿ ಬುತ್ತಿ ಬಿಚ್ಚುವುದನ್ನಾಗಲಿ ಮಾಡಬಾರದು. ಟ್ರೇಯಲ್ಲಿ ಫೈಬರನ್ನು 30 ಮಿಲಿಮೀಟರಿಗಿಂತ ಕಿರಿದಾದ ತ್ರಿಜ್ಯದಲ್ಲಿ ಬಾಗಿಸದೆ ಸುತ್ತಿ, ಪೆಟ್ಟಿಗೆಯ ರಬ್ಬರಿಗೆ ಮಣ್ಣು ಅಂಟದಂತೆ ಮುಚ್ಚಿ. ಮುಂದಿನ ಮುಂಗಾರಿನಲ್ಲಿ ಬಂದುಬಂದು ಹೋಗುವ ಸೇವೆಯ ಮೂಲ ಅನೇಕ ಬಾರಿ ಇವತ್ತಿನ ಆ ರಬ್ಬರಿನಲ್ಲೇ ಇರುತ್ತದೆ.

ಜೋಡಿಸಿದ ಮೇಲೂ ಸೇವೆ ಬಂದಿಲ್ಲ

ಎರಡನೆಯ ಕಡಿತದ ಮಾತನ್ನು ಆಗಲೇ ಹೇಳಿದೆ. ಅದಿಲ್ಲವಾದರೆ ಎರಡು ಫೈಬರುಗಳು ಅದಲುಬದಲಾಗಿರಬಹುದು. ಕಳಿಸುವ ಫೈಬರ್ ಕಳಿಸುವುದಕ್ಕೇ ಸೇರಿದ್ದರೆ ಎರಡೂ ತುದಿಯಲ್ಲಿ ಬೆಳಕಿನ ಅಳತೆ ಸಿಗದು. ಒಟಿಡಿಆರ್‌ನಲ್ಲಿ ಉದ್ದ ಪೂರ್ತಿ ಕಂಡು, ಬೆಳಕು ಮಾತ್ರ ಬರದಿದ್ದರೆ ಮೊದಲು ಇದನ್ನೇ ಸಂಶಯಿಸಬೇಕು. ದೊಡ್ಡ ಹಾದಿಗಳ ಉಪಕರಣಗಳು ಕಡಿತವಾದಾಗ ಸುರಕ್ಷತೆಗಾಗಿ ಲೇಸರನ್ನು ತಾವೇ ನಿಲ್ಲಿಸಿಕೊಂಡಿರುತ್ತವೆ, ಕೆಲವನ್ನು ಕೈಯಿಂದ ಮರಳಿ ಆರಂಭಿಸಬೇಕಾಗುತ್ತದೆ. ಬೆಳಕು ಅಗತ್ಯಕ್ಕಿಂತ ಹೆಚ್ಚಾದರೂ ಸೇವೆ ಬರುವುದಿಲ್ಲ, ತುರ್ತಿನಲ್ಲಿ ಅಟೆನ್ಯುಯೇಟರ್ (ಬೆಳಕನ್ನು ತಗ್ಗಿಸುವ ಬಿಡಿಭಾಗ) ತೆಗೆದಿಟ್ಟು ಮರೆತಾಗ ಹೀಗಾಗುತ್ತದೆ.

ಎಲ್ಲಿ ಕೈಬಿಟ್ಟು ಬೇರೆಯವರನ್ನು ಕರೆಯಬೇಕು

ಕೇಬಲ್ ವಿದ್ಯುತ್ ಕಂಬದ ಮೇಲಿದ್ದು ಅದರ ಮೇಲೆ ವಿದ್ಯುತ್ ತಂತಿ ಬಿದ್ದಿದ್ದರೆ, ಅಥವಾ 11 ಕೆವಿ ಲೈನಿನ ಹತ್ತಿರಕ್ಕೆ ಏಣಿ ಹೋಗಬೇಕಿದ್ದರೆ, ಹೆಸ್ಕಾಂನವರು ಬಂದು ಲೈನ್ ತೆಗೆದು, ಭೂಸಂಪರ್ಕ ಮಾಡಿ, ಬರಹದಲ್ಲಿ ಒಪ್ಪಿಗೆ ಕೊಡುವವರೆಗೆ ಮುಟ್ಟಬಾರದು. ಫೈಬರ್ ವಿದ್ಯುತ್ ಹರಿಸುವುದಿಲ್ಲ ಎಂಬುದು ನಿಜ, ಆದರೆ ಕೇಬಲಿನ ಉಕ್ಕಿನ ತಂತಿ ಮತ್ತು ಕವಚ ಹರಿಸುತ್ತವೆ. ಎತ್ತರದ ವಿದ್ಯುತ್ ಗೋಪುರಗಳ ತುದಿಯ ನೆಲತಂತಿಯೊಳಗೆ ಹೋಗುವ ಫೈಬರ್ ನಮ್ಮ ಕೆಲಸವೇ ಅಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಂಥ ನೆರೆಯಲ್ಲಿ ಸೇತುವೆಯ ಮೇಲೆ ನೀರಿದ್ದರೆ ಕಾಯಲೇಬೇಕು. ಅಂಥ ಹೊತ್ತಿನಲ್ಲಿ ನದಿಯ ಎರಡೂ ದಡದ ತಂಡಗಳು ತಮ್ಮ ತಮ್ಮ ಕಡೆಯಿಂದ ಅಳೆದಿಟ್ಟುಕೊಂಡು, ಕಣ್ಣೆಟುಕಿನ ದಾರಿಯಿದ್ದಲ್ಲಿ ಮೈಕ್ರೋವೇವ್ ಸಂಪರ್ಕವನ್ನು ಕೇಳಿಕೊಳ್ಳುವುದು ಸರಿಯಾದ ಹಾದಿ.

ಸೇವೆ ಬಂದ ಮೇಲೆ

ಗುಂಡಿ ಮುಚ್ಚುವ ಮೊದಲು ಜಾಯಿಂಟಿನ ಜಿಪಿಎಸ್ ಗುರುತು, ಹತ್ತಿರದ ಕಿಲೋಮೀಟರ್ ಕಲ್ಲಿನಿಂದ ಅಥವಾ ಮೋರಿಯಿಂದ ಹೆಜ್ಜೆಯಲ್ಲಿ ಅಲ್ಲ ಟೇಪಿನಲ್ಲಿ ಅಳೆದ ದೂರ, ಸುತ್ತಿಟ್ಟ ಕೇಬಲಿನ ಉದ್ದ, ಕೇಬಲಿನ ಮೈಮೇಲೆ ಅಚ್ಚಾಗಿರುವ ಮೀಟರಿನ ಅಂಕಿ ಇವಿಷ್ಟನ್ನು ಬರೆದು ಫೋಟೋ ತೆಗೆದಿಡಿ. ಎರಡೂ ತುದಿಗಳಿಂದ, 1310 ಮತ್ತು 1550 ಎರಡರಲ್ಲೂ, ಪ್ರತಿ ಫೈಬರಿನ ಹೊಸ ಟ್ರೇಸನ್ನು (ಒಟಿಡಿಆರ್ ಪರದೆಯ ಗೆರೆಚಿತ್ರ) ಉಳಿಸಿ. ತುಂಡು ಕೇಬಲ್ ಸೇರಿಸಿದ್ದರೆ ಒಟ್ಟು ಉದ್ದ ಬದಲಾಗಿರುತ್ತದೆ, ಹಳೆಯ 38.40ನ್ನು ಹೊಡೆದುಹಾಕಿ ಹೊಸ ಉದ್ದವನ್ನು ದಿನಾಂಕ ಸಹಿತ ಬರೆಯದಿದ್ದರೆ ಮೇಲೆ ಹೇಳಿದ ಕೂಡಿಸುವ ಲೆಕ್ಕ ಮುಂದಿನ ಸಲ ಇಲ್ಲದ ಕಡಿತವನ್ನು ತೋರಿಸುತ್ತದೆ, ಅಥವಾ ಇದ್ದ ಕಡಿತವನ್ನು ಮರೆಮಾಚುತ್ತದೆ.